ಅಡ್ಡಗೆರೆ, ಉದ್ದಗೆರೆ

"ಅಂಗಿ ಬಿಚ್ಚಿದ್ಮೇಲೆ ನಿಮ್ಮನ್ನ ಯಾರು ನೋಡ್ತಾರೆ?"

ಸರ್ಜನ್ ಕೇಳಿದ ಪ್ರಶ್ನೆಗೆ ಅವನು ತಬ್ಬಿಬ್ಬಾದ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನು. ಈಗ ತಪಾಸಣೆಯ ಮಂಚದ ತುದಿಯಲ್ಲಿ ಅಂಗಿ ಎತ್ತಿ ಹಿಡಿದು ಕೂತಿದ್ದ. ಎರಡು ವರ್ಷದಲ್ಲಿ ಐವತ್ತು ಕಿಲೋ ಇಳಿಸಿದ್ದ. ಬೊಜ್ಜು ಖಾಲಿಯಾದ ಹೊಟ್ಟೆಯ ಚರ್ಮ ತೊಡೆಯ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು.

"ಯಾಕೆ ಡಾಕ್ಟ್ರೇ?"

"ಜೋತಿರೋ ಚರ್ಮ ತೆಗೆಯೋಕೆ ಎಲ್ಲಿ ಕೊಯ್ಬೇಕು ಅನ್ನೋದು ಅದರ ಮೇಲೆ ಹೋಗುತ್ತೆ." ಸರ್ಜನ್ ನೇರಳೆ ಪೆನ್ನಿನಿಂದ ಗಾಳಿಯಲ್ಲೇ ಗೆರೆ ಎಳೆದ. "ಒಂದು, ಕೆಳಹೊಟ್ಟೇಲಿ ಈ ಸೊಂಟದಿಂದ ಆ ಸೊಂಟಕ್ಕೆ ಅಡ್ಡಡ್ಡ. ಗುರುತು ಚಡ್ಡಿಯೊಳಗೆ ಮುಚ್ಚಿಹೋಗುತ್ತೆ, ಆದ್ರೆ ಮೇಲ್ಗಡೆ ಸ್ವಲ್ಪ ಜೋಲು ಉಳಿಯುತ್ತೆ. ಇನ್ನೊಂದು, ಅದರ ಜೊತೆಗೆ ಎದೆ ಕೆಳಗಿಂದ ಉದ್ದಕ್ಕೂ ಒಂದು. ಒಳ್ಳೇ ಬಿಗಿಯಾಗಿ ಕೂರುತ್ತೆ. ಅಂಗಿ ಹಾಕ್ಕೊಂಡ್ರೆ ಮದುಮಗನ ಹಾಗೆ ಕಾಣ್ತೀರಿ. ಬಿಚ್ಚಿದ್ರೆ ಮಾತ್ರ ನಟ್ಟನಡುವೆ ಗೆರೆ, ಸಾಯೋವರೆಗೂ."

"ಹಾಗಾದ್ರೆ..."

"ನೋಡೋರಿದ್ರೆ ಅಡ್ಡ ಒಂದೇ ಸಾಕು. ಇಲ್ದಿದ್ರೆ ಉದ್ದಾನೂ ಹಾಕೋಣ. ಮನೇಲಿದಾರಲ್ಲ, ಕೇಳಿ. ಸಂಜೆ ಆರಕ್ಕೆ ಫೋನ್ ಮಾಡ್ತೀನಿ, ಹೇಳಿಬಿಡಿ. ನಾಳೆ ಮೊದಲನೇ ಕೇಸು ನಿಮ್ದೇ."

ಬಸ್ಸಿನಲ್ಲಿ ಅವನು ಅಭ್ಯಾಸಬಲದಿಂದ ವಾಕ್ಯಗಳನ್ನು ಜೋಡಿಸಿದ. ಗಂಡನನ್ನು ಹೆಂಡತಿ ನೋಡುತ್ತಾಳೆ. ತಾನು ಗಂಡ. ಆದ್ದರಿಂದ... ಮೂರನೆಯ ವಾಕ್ಯ ಮುಗಿಯಲಿಲ್ಲ. ಮೊದಲ ವರ್ಷದ ಮಕ್ಕಳೂ ಬಿಡಿಸುವ ಲೆಕ್ಕ.

ಅವರದು ಜಗಳವಾಡಿ ಬೇರೆಯಾದ ಹಾಸಿಗೆಯಲ್ಲ. ಅವನ ಗೊರಕೆ ತಡೆಯಲಾರದೆ ಅವಳು ಪಕ್ಕದ ಕೋಣೆಗೆ ಹೋಗಿದ್ದಳು, ಅಷ್ಟೆ. ಬೊಜ್ಜು ಕರಗಿದ ಮೇಲೆ ಗೊರಕೆಯೂ ನಿಂತಿತು. ಅವಳು ವಾಪಸು ಬರಲಿಲ್ಲ. ಗೊರಕೆ ನಿಂತಿದೆಯೆಂದು ಅವಳಿಗೆ ಯಾರು ಹೇಳಬೇಕಿತ್ತು? ಅವನೂ ಹೇಳಿರಲಿಲ್ಲ. ನಾಚಿಕೆಯಾಗಿತ್ತು.

ದಾರಿಯಲ್ಲಿ ಕಾಲೇಜಿನ ಬಳಿ ಇಳಿದು ಒಳಗೆ ಹೋದಾಗ ಚರಿತ್ರೆ ಕಲಿಸುವವನು ಎದ್ದು ಕುರ್ಚಿ ಸರಿಸಿಕೊಟ್ಟ.

"ರಜ ಹಾಕಿದೀರಂತೆ. ಏನು ವಿಶೇಷ?"

"ಏನಿಲ್ಲ. ಒಂದು ಸಣ್ಣ ರಿಪೇರಿ."

"ಹುಷಾರು," ಎಂದು ಆತ ಮತ್ತೆ ಪತ್ರಿಕೆಯೊಳಗೆ ಮುಳುಗಿದ.

ಇದೇ ಮನುಷ್ಯ ಹಿಂದೆ "ಬಂದ ನೋಡ್ರಪ್ಪಾ ನಮ್ಮ ಗುಡಾಣ!" ಎಂದು ಕೂಗಿ, ಅವನ ಹೊಟ್ಟೆಯ ಮೇಲೆ ಎರಡು ಬಾರಿಸಿಯೇ ಮಾತು ಶುರುಮಾಡುತ್ತಿದ್ದ. ಉಳಿದವರೂ ಸರದಿಯ ಮೇಲೆ ಬಾರಿಸುತ್ತಿದ್ದರು. ಆಗ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಕೂತು ಯೋಚಿಸಿದರೆ, ಅವನನ್ನು ಮುಟ್ಟುತ್ತಿದ್ದವರು ಅವರು ಮಾತ್ರ. ತೆಳ್ಳಗಾದ ಮೇಲೆ ಎಲ್ಲರೂ ಮರ್ಯಾದೆ ಕೊಡತೊಡಗಿದ್ದರು.

ಮನೆಗೆ ಬಂದಾಗ ಐದೂವರೆ. ಬೀದಿಗೆ ತೆರೆದ ಮುಂಗೋಣೆಯಲ್ಲಿ ಹೆಂಡತಿ ಹೊಲಿಗೆ ಮಷೀನಿನ ಮುಂದಿದ್ದಳು. ಊರವರ ದೊಗಳೆ ಬಟ್ಟೆಗಳನ್ನು ಪಕ್ಕ ಹಿಡಿದು ಮೈಗೆ ಸರಿಯಾಗಿ ಹೊಲಿದುಕೊಡುವುದು ಅವಳ ಕಸುಬು.

"ಅಲ್ಲೇ ನಿಲ್ಲಿ," ಎಂದಳು. "ಹೀಗೇ ಹೋಗಿದ್ರಾ ಆಸ್ಪತ್ರೆಗೆ? ಅಂಗಿ ನೋಡಿ, ಇನ್ನೊಬ್ರು ಒಳಗೆ ಹಿಡಿಸ್ತಾರೆ. ನಾಳೆಗೆ ಸರಿಮಾಡಿಕೊಡ್ತೀನಿ."

ಅವಳು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಅವನ ಪಕ್ಕ ಮಂಡಿಯೂರಿದಳು.

"ಡಾಕ್ಟ್ರು ಒಂದು ಮಾತು ಕೇಳಿದಾರೆ."

"ಹ್ಞೂಂ."

"ಅಂಗಿ ಬಿಚ್ಚಿದ್ರೆ ನನ್ನ ಯಾರು ನೋಡ್ತಾರೆ ಅಂತ."

ಅವಳ ಬಾಯಲ್ಲಿ ಸೂಜಿಗಳಿದ್ದವು. ಅವನ ಸೊಂಟದ ಪಕ್ಕ ಅಂಗಿಯನ್ನು ಮಡಿಸಿ ಎರಡು ಬೆರಳಲ್ಲಿ ಒತ್ತಿಹಿಡಿದಳು. ಬಟ್ಟೆಯ ಜೊತೆಗೆ ಒಳಗಿನ ಚರ್ಮವೂ ಮಡಿಕೆಯಾಗಿ ಬಂದಿತು. ಮೂವತ್ತು ವರ್ಷ ಬಟ್ಟೆಯಲ್ಲಿ ಪಳಗಿದ ಆ ಬೆರಳುಗಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಅವಳು ಸೂಜಿ ಚುಚ್ಚಿ ಇನ್ನೊಂದು ಬದಿಗೆ ತೆಗೆದಳು.

ಪ್ರಾಣ ಹೋದಂತಾಯಿತು. ಅವನು ಕದಲಲಿಲ್ಲ. ಅವಳ ಬೆರಳುಗಳು ಇನ್ನೂ ಅಲ್ಲೇ ಇದ್ದವು, ಬೆಚ್ಚಗೆ. ಅವು ಅಲ್ಲೇ ಇರಲಿ ಎಂದು ಅವನು ಉಸಿರು ಕಟ್ಟಿದ.

"ಏನಿದು ಇಷ್ಟು ದಪ್ಪ?" ಅವಳು ಸೂಜಿಗಳನ್ನು ಅಂಗೈಗೆ ಉಗುಳಿದಳು. "ಒಳಗೆ ಬನಿಯನ್ ಇದೆಯಾ?"

"ಇಲ್ಲ."

ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಯೊಂದು ಅಗಲವಾಗುತ್ತಿತ್ತು.

"ಅಯ್ಯೋ, ಹೇಳ್ಬಾರ್ದಾ? ಬಿಳೀ ಅಂಗಿ!" ಸೂಜಿ ಕಿತ್ತು, ಗುಂಡಿ ಬಿಚ್ಚಿ, ಅಂಗಿ ಕಳಚಿಕೊಂಡಳು. ಅಷ್ಟೂ ಹೊತ್ತು ಅವಳ ಕಣ್ಣು ಕಲೆಯ ಮೇಲಿತ್ತು. ಒಳಗೆ ಓಡಿ ನಲ್ಲಿ ತಿರುಗಿಸಿದಳು.

"ಇಲ್ಲಿ ಬಾ," ಎಂದ ಅವನು. "ಒಂದ್ಸಲ ನೋಡು. ನೋಡಿ ಹೇಳು."

"ತಡೀರಿ. ಒಣಗಿದ್ರೆ ಹೋಗಲ್ಲ ಇದು."

"ಯಾವುದು ಮಾಡಿಸ್ಲಿ? ಅಡ್ಡ ಕೊಯ್ಯೋದು ಒಂದೇ ಸಾಕಾ, ಉದ್ದಾನೂ ಬೇಕಾ?"

"ನಿಮಗೆ ಹೇಗೆ ಅನುಕೂಲವೋ ಹಾಗೆ. ನನಗೇನು ಗೊತ್ತಾಗುತ್ತೆ?"

ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಆರು ಗಂಟೆ. ಬೀದಿಬಾಗಿಲು ಹಾರುಹೊಡೆದಿತ್ತು, ಯಾರಾದರೂ ನೋಡಿಬಿಟ್ಟಾರೆಂದು ಅವನು ಗಡಬಡಿಸಿ ಗೋಡೆಯ ಕಡೆ ಸರಿದ.

ಅಲ್ಲಿ ಕಂಬಿಗೆ ಗಿರಾಕಿಗಳ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದಕ್ಕೂ ಅವಳ ಕೈಬರಹದ ಚೀಟಿ: ಪಕ್ಕ ಎರಡಿಂಚು, ತೋಳು ಅರ್ಧ, ಸೊಂಟ ಒಂದೂವರೆ.

"ಕಲೆ ಹೋಯ್ತು!" ಒಳಗಿನಿಂದ ಅವಳು ಖುಷಿಯಾಗಿ ಕೂಗಿದಳು.

ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು. ಅವನು ಹೊಟ್ಟೆಯ ಚರ್ಮವನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, ಸಾಲಿನ ಕೊನೆಯ ಅಂಗಿಯ ಪಕ್ಕದಲ್ಲಿ ತನ್ನ ಸರದಿಗೆ ನಿಂತ.