ಹೊಸ ಬೆಲ್ಲದಲ್ಲಿ ಹಳೆಯ ಶುಂಠಿ

ಮರುದಿನ ಗೋಕಾಕದ ವಿಜ್ಞಾನ ಮೇಳದಲ್ಲಿ ಶಾಲಾ ಹುಡುಗಿ ಆಮ್ರಪಾಲಿ ಸಮುದ್ರದ್ವೀಪಗಳ ಜ್ವಾಲಾಮುಖಿಗಳ ಬಗ್ಗೆ ಮಾತಾಡಬೇಕಿತ್ತು. ಹಳೆಯ ಸಮುದ್ರತಳ ಭೂಮಿಯ ಆಳಕ್ಕೆ ಮುಳುಗುತ್ತದೆ, ಕೋಟ್ಯಂತರ ವರ್ಷಗಳ ನಂತರ ಬಿಸಿ ಬಂಡೆಯ ಜೊತೆ ಮೇಲೇರುತ್ತಾ ಕರಗಿ ಲಾವಾ ಆಗುತ್ತದೆ. ಇಷ್ಟು ಅವಳಿಗೆ ಬಾಯಿಪಾಠ.

"ಕರಗಿದ ಮ್ಯಾಲ ಅದು ಹಳೇ ಸಮುದ್ರತಳಾನಽ ಅಂತ ಹೆಂಗ ಗೊತ್ತಾಕ್ಕೈತಿ?" ಎಂದು ಶಿಕ್ಷಕಿ ಭಾಗ್ಯಾ ಕೇಳಿದಾಗ ಮಾತ್ರ ಅವಳು ಪುಸ್ತಕದ ಹಾಳೆ ತಿರುವಿದ್ದಳು. "ನಾಳೆ ಮುಂಜಾನೆ ಉತ್ತರ ಹೇಳಿದ್ರಽ ಸ್ಟೇಜ್ ಹತ್ತಾಕ ಬಿಡ್ತೇನಿ," ಎಂದಿದ್ದರು.

ಸಂಜೆ ಅವಳು ಅಪ್ಪನಿಗೆ ಬುತ್ತಿ ತೆಗೆದುಕೊಂಡು ಮಸಗುಪ್ಪಿಯ ಬೆಲ್ಲದ ಗಾಣಕ್ಕೆ ಹೋದಳು. ಹೋದ ವರ್ಷ ಉಳಿದಿದ್ದ ಬೆಲ್ಲದ ಉಂಡೆಗಳನ್ನು ಅವನು ಕುದಿಯುವ ಕಬ್ಬಿನ ಹಾಲಿಗೆ ಹಾಕುತ್ತಿದ್ದ. ಅವು ಮುಳುಗಿ, ಕರಗಿ, ಕಾಣದಾದವು. ಹೊಸ ಬೆಲ್ಲ ಆರಿದ ಮೇಲೆ ಒಂದು ಚೂರು ಬಾಯಿಗಿಟ್ಟವಳೇ ಕೂಗಿದಳು.

"ಅಪ್ಪಾ, ಇದಕ್ಕ ಶುಂಠಿ ಹಾಕೀಯೇನು?"

"ಇಲ್ಲವ್ವಾ. ಹ್ವಾದ ವರ್ಷದ ಬೆಲ್ಲಕ್ಕ ಹಾಕಿದ್ನಿ. ಕರಗಿದ್ರೂ ಘಮ ಎಲ್ಲಿ ಹೊಕ್ಕೈತಿ?"

"ಲಾವಾನೂ ಹಿಂಗಽ ಅಪ್ಪಾ! ಸಮುದ್ರತಳದ ಗುರುತು ಅದರಾಗ ಉಳಿದಿರ್ತೈತಿ!"

"ನನ್ನ ಕಡಾಯ್ದಾಗ ಸಮುದ್ರ ಕಂಡ್ಯಾ? ಮದ್ಲ ಬುತ್ತಿ ಬಿಚ್ಚು, ಹೊಟ್ಟಿ ಹಸದೈತಿ."

ಮುಂಜಾನೆ ಮೇಳದಲ್ಲಿ ಅವಳು ಶಿಕ್ಷಕಿಯ ಕೈಗೆ ಒಂದು ಚೂರು ಕೊಟ್ಟಳು. "ತಿನ್ರಿ ಮೇಡಂ."

"ಶುಂಠಿ ಬೆಲ್ಲ. ಯಾಕ?"

"ಈ ಸಲ ಶುಂಠಿ ಹಾಕೇ ಇಲ್ರಿ. ಹಳೇ ಬೆಲ್ಲ ಕರಗಿ ಇದರಾಗ ಕೂಡೈತಿ. ಲಾವಾದಾಗ ಸಮುದ್ರತಳಾನೂ ಹಿಂಗಽ ತನ್ನ ರಾಸಾಯನಿಕ ಗುರುತಿನಿಂದ ಸಿಕ್ಕೊಂಡ್ ಬೀಳ್ತೈತ್ರಿ!"

ಭಾಗ್ಯಾ ನಕ್ಕು ಅವಳನ್ನು ಮೈಕಿನತ್ತ ತಳ್ಳಿದರು. "ನಡಿ, ಹತ್ತು. ಉಳಿದ ಬೆಲ್ಲ ಎಲ್ಲೈತಿ? ಪರೀಕ್ಷಕರಿಗೂ ತಿನಸಬೇಕಲ್ಲ!"