ಬನಿಯನ್ ತೊಟ್ಟ ಗಾಲಿ

ಮಗಳು ಕುರ್ಚಿಯನ್ನು ತಲೆಕೆಳಗು ಮಾಡಿ, ಮೊಣಕಾಲಲ್ಲಿ ಅದುಮಿ ಹಿಡಿದು, ಸೀಳಿದ ಕಾಲಿನಿಂದ ಗಾಲಿಯನ್ನು ಕಿತ್ತಳು. ಗಾಲಿಯ ಜೊತೆ ಅಪ್ಪನ ಕೈಕೆಲಸವೆಲ್ಲ ಹೊರಗೆ ಬಿತ್ತು: ಬೆಂಕಿಕಡ್ಡಿಗಳು, ಮಡಿಸಿದ ರಟ್ಟು, ಹಳೇ ಚಪ್ಪಲಿಯ ತುಂಡು, ಒಂದಕ್ಕೊಂದು ಸಂಬಂಧವಿಲ್ಲದ ಮೊಳೆಗಳು.

"ನೋಡಿ ಚಿಕ್ಕಪ್ಪ, ನಿಮ್ಮಣ್ಣನ ರಿಪೇರಿ. ತೂತು ದೊಡ್ಡದಾದ್ರೆ ಮರದ ಗೂಟ ಹಾಕಿ ಅಂಟಿಸಬೇಕು. ಇದೇನು ಕಾಲೋ, ಕಸದ ಬುಟ್ಟಿಯೋ?"

"ಇವತ್ತಾದ್ರೂ ಸುಮ್ನಿರಮ್ಮ," ಎಂದ ಚಿಕ್ಕಪ್ಪ, ಫೋನಿನಿಂದ ಕಣ್ಣು ಕೀಳದೆ. "ಅವನಿನ್ನೂ ಇಲ್ಲೇ ಮಲಗಿದ್ದಾನೆ."

"ಮಲಗಿರೋದಕ್ಕೇ ನನ್ನ ಕೈಗೆ ಬಂದಿದೆ. ಎದ್ದಿದ್ದರೆ ಬಿಡ್ತಿದ್ನಾ?"

ಅಮ್ಮನ ಕಾಲುಗಳು ಸೋತು ವರ್ಷಗಳಾಗಿದ್ದವು. ಮನೆಯೊಳಗೆ ಅವಳ ಓಡಾಟವೆಲ್ಲ ಗಾಲಿ ಹಚ್ಚಿದ ಈ ಮರದ ಕುರ್ಚಿಯ ಮೇಲೆಯೇ, ತಳ್ಳುವವನು ಅಪ್ಪ. ಬೆಳಿಗ್ಗೆ ಮಗಳು ಜೋರಾಗಿ ತಳ್ಳಿದ್ದಕ್ಕೆ ಹಿಂಗಾಲು ಸೀಳಿತ್ತು. ಈಗ ಅಮ್ಮ ಮಂಚದ ಮೇಲೆ ಕುಳಿತು ಹಟ ಹಿಡಿದಿದ್ದಳು. ದಿನಾ ಗಂಡನನ್ನು ಬಾಗಿಲ ತನಕ ಬಂದು ಕಳಿಸಿದವಳು ಇವತ್ತೂ ಹಾಗೇ ಕಳಿಸಬೇಕು. ಎತ್ತಿಕೊಂಡು ಹೋಗುತ್ತೇವೆಂದರೆ ಒಪ್ಪಲಿಲ್ಲ.

"ಮೂಟೆ ಥರ ಹೊತ್ಕೊಂಡು ಹೋಗೋಕೆ ಸತ್ತಿರೋದು ನಾನಾ?"

ಶವದ ಗಾಡಿ ಮಧ್ಯಾಹ್ನಕ್ಕೆ ಬರುವುದಿತ್ತು.

*

ಬೀದಿಯವರು ಅಪ್ಪನಿಗೆ ಇಟ್ಟ ಹೆಸರು ಸದ್ಯಕ್ಕಪ್ಪ. ನೀರು ಸರಬರಾಜು ಕಚೇರಿಯಲ್ಲಿ ಜನರ ದೂರು ಕೇಳುವ ಮೇಜು ಅವನದು. ಪೈಪು ಒಡೆದಿದೆಯೆಂದು ಯಾರೇ ಬರಲಿ, "ಸದ್ಯಕ್ಕೆ ಒಂದು ಬಕೆಟ್ ಇಡಿ" ಎನ್ನುತ್ತಿದ್ದ. ಮನೆಯಲ್ಲೂ ಅದೇ ಮಂತ್ರ. ಕಿಟಕಿ ಮುಚ್ಚದಿದ್ದರೆ ಸದ್ಯಕ್ಕೆ ದಾರ, ಕನ್ನಡಕ ಮುರಿದರೆ ಸದ್ಯಕ್ಕೆ ಟೇಪು. ಒಂದಿಡೀ ಆಯುಸ್ಸನ್ನು ಸದ್ಯಕ್ಕೆ ಎಂದುಕೊಂಡೇ ಸವೆಸಿದ ಮಹಾನುಭಾವ.

ಪಡಸಾಲೆಗೆ ಟೈಲ್ಸು ಹಾಕಿದ್ದೂ ಅವನೇ. ಪಕ್ಕದ ಮನೆಯಲ್ಲಿ ಕೆಲಸದವರು ಹಾಕುವುದನ್ನು ಸ್ವಲ್ಪ ಹೊತ್ತು ನೋಡಿ, ಇಷ್ಟೇ ತಾನೇ ಎಂದು ಶುರುಮಾಡಿದ. ಕೆಲಸ ಮುಗಿದ ದಿನ ಮಗಳ ಕೈಯಿಂದ ಜಾರಿದ ಗೋಲಿ ಯಾರೂ ತಳ್ಳದೆ ಉರುಳುತ್ತಾ ಹೋಗಿ, ಮುಂಬಾಗಿಲು ದಾಟಿ, ಮೆಟ್ಟಿಲಿಳಿದು ಬೀದಿ ಸೇರಿತು.

"ಅಪ್ಪಾ, ನೆಲ ಓರೆಯಾಗಿದೆ!"

"ಓರೆ ಅಲ್ಲ ಮಗಳೇ, ಇಳಿಜಾರು. ತೊಳೆದ ನೀರು ತಾನಾಗೇ ಹೊರಗೆ ಹೋಗುತ್ತೆ. ಸದ್ಯಕ್ಕೆ ಹೀಗಿರಲಿ."

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳಿಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಆ ನಾಚಿಕೆಯೇ ಬೆಳೆದು ತಾತ್ಸಾರವಾಯಿತು. ಮುಂದೆ ಅವಳು ಫೋಟೋಗಳಿಗೆ ಚೌಕಟ್ಟು ಕಟ್ಟುವ ಅಂಗಡಿ ತೆರೆದು, ಮೂಲೆಗೆ ಮೂಲೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಸಲು ಕಲಿತದ್ದು ಅಪ್ಪನಂತೆ ಆಗಬಾರದೆಂದೇ.

*

ಅಂಗಡಿಯಿಂದ ಡ್ರಿಲ್ಲು ತಂದು ಹಳೇ ತೂತನ್ನು ಕೊರೆದು ಚೊಕ್ಕಟ ಮಾಡಿದಳು. ಗಟ್ಟಿ ಮರದ ಗೂಟಕ್ಕೆ ಅಂಟು ಸವರಿ ಬಡಿದಳು, ಸೀಳಿಗೂ ಅಂಟು ತುಂಬಿ ಹಗ್ಗ ಬಿಗಿದಳು. ಅದು ಒಣಗುವ ತನಕ ಬಂದವರ ಮಾತು ಕೇಳಬೇಕಾಯಿತು.

"ದೇವರಂಥ ಮನುಷ್ಯ," ಎಂದರು ಅಪ್ಪನ ಜೊತೆ ಕಚೇರಿಯಲ್ಲಿದ್ದವರೊಬ್ಬರು. "ಯಾರಿಗೂ ಆಗಲ್ಲ ಅಂದವರಲ್ಲ."

"ಮಾಡಿಕೊಟ್ಟವರೂ ಅಲ್ಲ ಬಿಡಿ," ಎಂದಳು ಮಗಳು.

ಅವರು ಕೆಮ್ಮಿ, ಕುಡಿಯಲು ನೀರು ಕೇಳಿದರು.

ಗೂಟದಲ್ಲಿ ಹೊಸ ತೂತು ಕೊರೆದು ಗಾಲಿ ಕೂಡಿಸಿದ ಮೇಲೆ ಉಳಿದವನ್ನೂ ತಿರುಗಿಸಿ ನೋಡಿದಳು. ಮುಂದಿನದೊಂದು ಅಲುಗಲೇ ಇಲ್ಲ. ಅದರ ಸಂದಿಯಲ್ಲಿ ಅಪ್ಪನ ಹಳೇ ಬನಿಯನ್ನಿನ ತುಂಡನ್ನು ಬಿಗಿಯಾಗಿ ತುರುಕಲಾಗಿತ್ತು.

"ಗಾಲಿಗೂ ಬನಿಯನ್ ತೊಡಿಸಿದ್ದಾನಲ್ಲ, ಪುಣ್ಯಾತ್ಮ! ಇಷ್ಟು ವರ್ಷ ಏದುಸಿರು ಬಿಡ್ತಾ ಇದನ್ನೇ ತಳ್ತಿದ್ನಾ?"

"ಅದನ್ನ ತೆಗೀಬೇಡ್ವೇ," ಎಂದಳು ಅಮ್ಮ ಮಂಚದಿಂದ. "ಏನೋ ನೋಡ್ಕೊಂಡೇ ಇಟ್ಟಿರ್ತಾರೆ."

"ಅಪ್ಪ ಯಾವತ್ತು ಏನು ನೋಡ್ಕೊಂಡು ಮಾಡಿದ್ದು, ಹೇಳಮ್ಮ?"

ಸ್ಕ್ರೂಡ್ರೈವರಿನಿಂದ ಬಟ್ಟೆಯನ್ನು ಎಳೆದು ಜೇಬಿಗೆ ತುರುಕಿಕೊಂಡು, ಗಾಲಿಗೆ ಎಣ್ಣೆ ಬಿಟ್ಟಳು. ನಾಲ್ಕೂ ಸದ್ದಿಲ್ಲದೆ ತಿರುಗಿದವು. ಅವಳಿಗೆ ಹೆಮ್ಮೆಯಾಯಿತು. ಇವತ್ತು ಹೆಮ್ಮೆಪಡುವ ದಿನವಲ್ಲವೆಂದು ಗೊತ್ತಿದ್ದೂ ಆಯಿತು.

ಗಾಡಿ ಬಂದು ಹಾರನ್ ಹೊಡೆಯಿತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಪಡಸಾಲೆಗೆ ತಂದರು. ಅಮ್ಮ ಅಪ್ಪನ ಹಣೆ ಮುಟ್ಟಿದಳು, ಕೆದರಿದ್ದ ಕೂದಲು ಸರಿಮಾಡಿದಳು. ಚಿಕ್ಕಪ್ಪ ಮತ್ತಿತರರು ಹೆಗಲು ಕೊಟ್ಟು ಎತ್ತಿದರು.

"ಆ ಇನ್ನೊಂದು ಬಾಗಿಲೂ ತೆಗೀರಪ್ಪ ಯಾರಾದ್ರೂ!" ಎಂದು ಚಿಕ್ಕಪ್ಪ ಕೂಗಿದ.

ಮಗಳು ಕುರ್ಚಿ ಬಿಟ್ಟು ಓಡಿಹೋಗಿ ಚಿಲಕ ಜಗ್ಗಿದಳು. ಅಪ್ಪ ಅವಳ ಪಕ್ಕದಲ್ಲೇ ಹಾದು ಹೊಸ್ತಿಲು ದಾಟಿದ. ತಿರುಗಿ ನೋಡಿದರೆ ಅವನ ಬೆನ್ನಿಗೇ ಅಮ್ಮನೂ ಹೊರಟಿದ್ದಳು. ಯಾರೂ ತಳ್ಳುತ್ತಿರಲಿಲ್ಲ. ಓರೆ ನೆಲದ ಮೇಲೆ ಕುರ್ಚಿ ತಾನಾಗಿ, ಸದ್ದಿಲ್ಲದೆ, ಮೆಟ್ಟಿಲ ಕಡೆ ಉರುಳುತ್ತಿತ್ತು.

"ಹಿಡಿಯೇ! ನನ್ನ ಹಿಡ್ಕೊಳ್ಳೇ!"

ಮಗಳು ಹೊಸ್ತಿಲಲ್ಲಿ ಮಂಡಿಯೂರಿ ಕುರ್ಚಿಗೆ ಎದೆ ಕೊಟ್ಟಳು. ಒಂದು ಕೈಯಲ್ಲಿ ಅದನ್ನು ತಡೆದು, ಇನ್ನೊಂದರಲ್ಲಿ ಜೇಬು ತಡಕಿ ಬನಿಯನ್ನಿನ ತುಂಡನ್ನು ಹೊರಗೆಳೆದು, ಇದ್ದ ಜಾಗಕ್ಕೇ ತುರುಕತೊಡಗಿದಳು.

"ನಿಂತಿತೇನೇ?"

"ಸದ್ಯಕ್ಕೆ," ಎಂದಳು ಮಗಳು.

ಅಮ್ಮ ಅವಳ ತಲೆಯ ಮೇಲಿಂದ ಬೀದಿಯ ಕಡೆ ಕೈ ಎತ್ತಿ, ದಿನಾ ಬೀಸುತ್ತಿದ್ದ ಹಾಗೆ ಬೀಸಿದಳು. ಹೊರಗೆ ಗಾಡಿಯ ಬಾಗಿಲು ಮುಚ್ಚಿದ ಸದ್ದಾಯಿತು. ಮಗಳು ತಿರುಗಿ ನೋಡಲಿಲ್ಲ. ಬಟ್ಟೆಯ ತುದಿ ಇನ್ನೂ ಸ್ವಲ್ಪ ಹೊರಗೇ ಉಳಿದಿತ್ತು, ಅದನ್ನು ಹೆಬ್ಬೆರಳಿನಿಂದ ಒಳಗೆ ಒತ್ತುತ್ತಿದ್ದಳು.