ಅತ್ತೆಯ ಕೆಮ್ಮು, ನಾದಿನಿಯ ಕೂಗು

ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಸೊಸೆಯ ಕೆಲಸ. ಇಪ್ಪತ್ತು ವರ್ಷದಿಂದ ದೊಡ್ಡ ಕತ್ತರಿಯನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಈಚೆಗೆ ಮಾತ್ರ ಅವಳಿಗೆ ಕೈಕಾಲು ಕಲ್ಲಿನಂತೆ ಭಾರ, ಮಧ್ಯಾಹ್ನವಾದರೆ ಕತ್ತರಿ ಹಿಡಿದಲ್ಲೇ ತೂಕಡಿಕೆ. ಒಳಕೋಣೆಯಲ್ಲಿ ಅತ್ತೆ ಒಮ್ಮೆ ಕೆಮ್ಮಿದರೆ ಸಾಕು, ಹೊರಗೆ ನಾದಿನಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು: "ಅತ್ತಿಗೇ, ಮಿಷನ್ನುಗಳು ಸುಮ್ನೆ ಕೂತಿವೆ!"

ಅವತ್ತು ಊರಿನ ಡಾಕ್ಟರಮ್ಮ ಅಲ್ಲಿ ಹೊಲಿಯಲು ಕೊಟ್ಟಿದ್ದ ತಮ್ಮ ಬಿಳಿ ಕೋಟು ಹಾಕಿ ನೋಡಲು ಬಂದರು. ಎಡಗೈ ಸಲೀಸಾಗಿ ತೂರಿತು. ಬಲಗೈ ಮಾತ್ರ ಏನು ಮಾಡಿದರೂ ಕೂರಲೊಲ್ಲದು. ಎಡ-ಬಲ ಎರಡೂ ಸಿಗುವಂತೆ ಬಟ್ಟೆಯನ್ನು ಜೋಡಿ ಮಡಿಸುವುದು ಮರೆತು ಸೊಸೆ ಎರಡೂ ಎಡಗೈ ತೋಳನ್ನೇ ಕತ್ತರಿಸಿದ್ದಳು.

ಅತ್ತೆ ಹೊರಗೆ ಬಂದು ನೋಡಿದರು. "ಸೋಮವಾರದಿಂದ ಕತ್ತರಿ ನನ್ನ ಮಗಳ ಕೈಲಿರ್ಲಿ," ಎಂದುಬಿಟ್ಟರು.

ಸೊಸೆಗೆ ಕಣ್ಣು ತುಂಬಿ ಬಂತು. ಡಾಕ್ಟರಮ್ಮ ಅವಳ ಊದಿದ ಮುಖವನ್ನೇ ನೋಡಿ ಕೇಳಿದರು, "ಥೈರಾಯ್ಡಿಗೆ ನಾನು ಬರೆದುಕೊಟ್ಟ ಮಾತ್ರೆ ತಗೋತಿದ್ದೀಯಾ?"

"ಇಲ್ಲ ಡಾಕ್ಟ್ರೇ. ರಿಪೋರ್ಟಲ್ಲಿ ಟಿಎಸ್ಎಚ್ ಜಾಸ್ತಿ ಅಂತಿತ್ತು. ಥೈರಾಯ್ಡ್ ಇರೋದೇ ಜಾಸ್ತಿ, ಮೇಲೆ ಇನ್ನೂ ಯಾಕೆ ಸುರಿಯೋದು ಅಂತ ಗುಂಡಿ ಡಬ್ಬಿಯಲ್ಲಿಟ್ಟೆ."

ಡಾಕ್ಟರಮ್ಮ ಒಂದೇ ತೋಳು ಹಾಕಿಕೊಂಡು ಜೋರಾಗಿ ನಕ್ಕರು. "ನಿನ್ನ ನಾದಿನಿ ಯಾವಾಗ ಜಾಸ್ತಿ ಕೂಗ್ತಾಳೆ?"

"ನನ್ನ ಕೆಲಸ ಕಡಿಮೆಯಾದಾಗ."

"ಅಷ್ಟೇ ವಿಷಯ! ಮಿದುಳಲ್ಲಿ ಹೈಪೋಥಲಾಮಸ್ ಅಂತಿದೆ, ನಿಮ್ಮತ್ತೆ ಥರ. ಅದು ಕೆಮ್ಮುತ್ತೆ. ಅದರ ಕೆಳಗೆ ಪಿಟ್ಯುಟರಿ, ನಿನ್ನ ನಾದಿನಿ. ಅದರ ಕೂಗೇ ಟಿಎಸ್ಎಚ್. ಕುತ್ತಿಗೆಯಲ್ಲಿರೋ ಥೈರಾಯ್ಡ್ ನೀನು, ನೀನು ಕತ್ತರಿಸೋ ಬಟ್ಟೆ ಅದರ ಹಾರ್ಮೋನು. ನೀನು ಸೋತಷ್ಟೂ ಕೂಗು ಏರುತ್ತೆ. ಮಾತ್ರೆ ಅಂದ್ರೆ ಹೊರಗಿಂದ ತಂದ ಕತ್ತರಿಸಿದ ಬಟ್ಟೆ. ರಾಶಿ ಕಂಡ್ರೆ ಇಬ್ಬರೂ ತೆಪ್ಪಗಾಗ್ತಾರೆ."

"ಅಂದ್ರೆ ತಪ್ಪು ನನ್ನ ಬಾಯಿದಲ್ಲ," ನಾದಿನಿ ಬೀಗಿದಳು.

"ಬಾಯಿ ನಿಂದೇ, ಕೆಮ್ಮು ನಿಮ್ಮಮ್ಮಂದು," ಎಂದು ಡಾಕ್ಟರಮ್ಮ ಅತ್ತೆಯತ್ತ ತಿರುಗಿದರು. "ಎರಡು ತಿಂಗಳು ತಾಳಿ. ಇವಳ ಕೈ ತಾನಾಗೇ ಓಡುತ್ತೆ."

"ಎರಡೇ ತಿಂಗಳು," ಅತ್ತೆ ಗೊಣಗಿದರು. "ಅಲ್ಲೀತನಕ ತೋಳು ಕತ್ತರಿಸುವಾಗ ನಾನು ಪಕ್ಕದಲ್ಲೇ ನಿಲ್ತೀನಿ."

ಸೊಸೆ ಗುಂಡಿಗಳ ನಡುವಿಂದ ಮಾತ್ರೆ ಹೆಕ್ಕಿದಳು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಪ್ಪದೆ ನುಂಗಿದಳು. ಎರಡು ತಿಂಗಳಿಗೆ ರಿಪೋರ್ಟಿನಲ್ಲಿ ಟಿಎಸ್ಎಚ್ ಇಳಿದಿತ್ತು. ಅಂಗಡಿಯಲ್ಲಿ ಮಾತ್ರ ನಾದಿನಿ ಮತ್ತೆ ಕೂಗಿದಳು:

"ಅತ್ತಿಗೇ, ಸಾಕು ನಿಲ್ಸಿ! ಹೊಲಿಯೋರಿಗೆ ಉಸಿರಾಡೋಕೆ ಬಿಡಿ!"

ಒಳಗಿಂದ ಕೆಮ್ಮಿಲ್ಲ. ಇಣುಕಿದರೆ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಸೊಸೆ ಡಾಕ್ಟರಮ್ಮನ ಎರಡನೇ ಕೋಟಿನ ಬಟ್ಟೆಯನ್ನು ಜೋಡಿ ಮಡಿಸಿ, ಯಾರೂ ಪಕ್ಕದಲ್ಲಿ ನಿಲ್ಲದೆ, ಕತ್ತರಿ ಓಡಿಸಿದಳು.